ಚಾನೆಲ್ ತೆರೆಯುವ ಮೊದಲು ಕುಳಿತು ಲೆಕ್ಕ ಹಾಕಿ



"ಯೂಟ್ಯೂಬಿನಲ್ಲಿ ಒಂದು ಚಾನೆಲ್ ತೆರೆದರೆ ಮನೆಯಲ್ಲಿ ಕುಳಿತೇ ಸಂಪಾದಿಸಬಹುದಂತೆ" ಎಂಬ ಮಾತು ಈಗ ಮನೆಮನೆಯಲ್ಲಿ ಕೇಳಿಬರುತ್ತಿದೆ. ಬೆಳ್ಳಂದೂರಿನಂಥ ಊರಿನಲ್ಲಿ ಈ ಮಾತಿಗೆ ಇನ್ನಷ್ಟು ಬಲ. ಹೊರವರ್ತುಲ ರಸ್ತೆಯ ಕಂಪನಿಗಳಲ್ಲಿ ದುಡಿಯುವವರಿಗೆ ಕೆಲಸ ಯಾವಾಗ ಕೈತಪ್ಪುವುದೋ ಎಂಬ ಅಂಜಿಕೆ. ಅದೇ ಕಂಪನಿಗಳ ಕಾವಲು, ಅಡಿಗೆ, ಶುಚಿಯ ಕೆಲಸವನ್ನು ನಂಬಿದವರಿಗೆ ಬಾಡಿಗೆ ಮತ್ತು ಶಾಲೆಯ ಶುಲ್ಕ ಹೊಂದಿಸುವ ಚಿಂತೆ. ಹೀಗಿರುವಾಗ ಕೈಯಲ್ಲಿರುವ ಮೊಬೈಲೇ ಎರಡನೆಯ ಸಂಬಳ ತರುವುದಾದರೆ ಯಾರಿಗೆ ತಾನೆ ಬೇಡ?

ಈ ಆದಾಯ ಸುಳ್ಳಲ್ಲ. ಇದರಿಂದ ಮರ್ಯಾದೆಯಾಗಿ ಬದುಕುತ್ತಿರುವವರು ನಮ್ಮ ನಾಡಿನಲ್ಲೇ ಇದ್ದಾರೆ. ಆದರೆ ಅದು ನಿಧಾನವಾಗಿ ಬರುವ, ಕೆಲವರಿಗಷ್ಟೇ ಕೈಹಿಡಿಯುವ, ತಿಂಗಳಿಂದ ತಿಂಗಳಿಗೆ ಏರಿಳಿಯುವ ಆದಾಯ. ಆದ್ದರಿಂದ ಚಾನೆಲನ್ನು ಒಂದು ಕಸುಬೆಂದು ತಿಳಿದು ಆರಂಭಿಸಿ. ಮನೆಯ ಅನ್ನವನ್ನಾಗಲಿ, ಮಕ್ಕಳನ್ನಾಗಲಿ, ಆಡುವ ಮಾತಿನ ಸತ್ಯವನ್ನಾಗಲಿ ಅದಕ್ಕೆ ಪಣವಾಗಿ ಇಡಬೇಡಿ. ಗೋಪುರ ಕಟ್ಟಲು ಬಯಸುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂಬ ಪ್ರಭು ಯೇಸುವಿನ ಬೋಧನೆ ಸಂತ ಲೂಕರ ಶುಭಸಂದೇಶದ 14ನೆಯ ಅಧ್ಯಾಯದಲ್ಲಿದೆ. ನಾವೂ ಈಗ ಆ ಲೆಕ್ಕಕ್ಕೆ ಕೂರೋಣ.

ಹಣ ಬರುವ ದಾರಿ

ಯೂಟ್ಯೂಬ್ 2005ರಲ್ಲಿ ಅಮೆರಿಕದಲ್ಲಿ ಆರಂಭವಾಯಿತು. ಮರುವರ್ಷ ಗೂಗಲ್ ಕಂಪನಿ ಅದನ್ನು 165 ಕೋಟಿ ಡಾಲರಿಗೆ ಕೊಂಡಿತು. 2007ರಿಂದ ವಿಡಿಯೋ ಮಾಡುವವರಿಗೂ ಜಾಹೀರಾತಿನ ಹಣದಲ್ಲಿ ಪಾಲು ಕೊಡುವ ಪದ್ಧತಿ ಬಂತು. ಅದೇ ಗೂಗಲ್‌ನ ದೊಡ್ಡದೊಂದು ಕಚೇರಿ 2025ರ ಫೆಬ್ರವರಿಯಲ್ಲಿ ನಮ್ಮ ಮಹದೇವಪುರದಲ್ಲಿಯೇ ತೆರೆದಿದೆ. ಆದರೆ ಹತ್ತಿರದಲ್ಲಿದೆಯೆಂದು ಬಾಗಿಲು ತಟ್ಟಿದರೆ ಹಣ ಸಿಗುವುದಿಲ್ಲ; ಎಲ್ಲರಿಗೂ ಒಂದೇ ನಿಯಮ.

ಜಾಹೀರಾತಿನ ಪಾಲು ಬೇಕಾದರೆ ಚಾನೆಲ್‌ಗೆ ಕನಿಷ್ಠ 1,000 ಚಂದಾದಾರರು ಇರಬೇಕು. ಜೊತೆಗೆ ಹಿಂದಿನ 12 ತಿಂಗಳಲ್ಲಿ ಜನರು ನಿಮ್ಮ ವಿಡಿಯೋಗಳನ್ನು ಒಟ್ಟು 4,000 ಗಂಟೆ ನೋಡಿರಬೇಕು. ಇಲ್ಲವೇ 90 ದಿನಗಳಲ್ಲಿ ನಿಮ್ಮ ಶಾರ್ಟ್ಸ್ ಎಂಬ ಕಿರು ವಿಡಿಯೋಗಳು ಒಂದು ಕೋಟಿ ವೀಕ್ಷಣೆ ಪಡೆದಿರಬೇಕು. 2023ರಿಂದ 500 ಚಂದಾದಾರರಿರುವ ಚಾನೆಲ್‌ಗೂ ಒಂದು ಚಿಕ್ಕ ಬಾಗಿಲು ತೆರೆದಿದೆ. ಅದರಲ್ಲಿ ವೀಕ್ಷಕರು ಮೆಚ್ಚಿ ಕೊಡುವ ಕಾಣಿಕೆ ಮತ್ತು ಸದಸ್ಯತ್ವದ ಹಣ ಬರುತ್ತದೆ, ಜಾಹೀರಾತಿನ ಪಾಲು ಬರುವುದಿಲ್ಲ.

ಅರ್ಹತೆ ದೊರೆತ ಮೇಲೆ, ಉದ್ದದ ವಿಡಿಯೋದ ಜಾಹೀರಾತಿನಿಂದ ಯೂಟ್ಯೂಬಿಗೆ ಬರುವ ಪ್ರತಿ 100 ರೂಪಾಯಿಯಲ್ಲಿ 55 ರೂಪಾಯಿ ನಿಮ್ಮದು. ಕಿರು ವಿಡಿಯೋಗಳಲ್ಲಿ ಪಾಲು ಶೇಕಡಾ 45. ಅದೂ ಎಲ್ಲ ಚಾನೆಲ್‌ಗಳ ಹಣ ಒಂದೆಡೆ ಸೇರಿ, ಹಂಚಿಕೆಯಾಗಿ, ನಿಮ್ಮ ಲೆಕ್ಕಕ್ಕೆ ಬಿದ್ದ ಮೊತ್ತದಲ್ಲಿ. ಖಾತೆಯಲ್ಲಿ 100 ಡಾಲರ್ ತುಂಬುವವರೆಗೆ ಬ್ಯಾಂಕಿಗೆ ಒಂದು ಪೈಸೆಯೂ ಬರುವುದಿಲ್ಲ. ನೋಡಿದವರ ದೇಶ, ಭಾಷೆ, ವಿಷಯ, ಜಾಹೀರಾತುಗಳ ಹಂಗಾಮು, ಇವೆಲ್ಲದರ ಮೇಲೆ ಮೊತ್ತ ಬದಲಾಗುತ್ತದೆ. ಆದ್ದರಿಂದ "ಲಕ್ಷ ವೀಕ್ಷಣೆಗೆ ಇಷ್ಟು ಸಾವಿರ" ಎಂದು ಯಾರಾದರೂ ಖಚಿತವಾಗಿ ಹೇಳಿದರೆ ನಂಬಬೇಡಿ.

ಒಂದು ವರ್ಷದ ಲೆಕ್ಕ

ಒಂದು ಮನೆಯವರು ವಾರಕ್ಕೊಂದು ವಿಡಿಯೋದಂತೆ ವರ್ಷಕ್ಕೆ 52 ವಿಡಿಯೋ ಮಾಡುತ್ತಾರೆಂದು ಇಟ್ಟುಕೊಳ್ಳೋಣ. 4,000 ಗಂಟೆಯೆಂದರೆ 2,40,000 ನಿಮಿಷ. ಒಬ್ಬ ವೀಕ್ಷಕ ಸರಾಸರಿ ನಾಲ್ಕು ನಿಮಿಷ ನೋಡಿದರೆ 60,000 ವೀಕ್ಷಣೆ ಬೇಕು. ಅಂದರೆ ಪ್ರತಿಯೊಂದು ವಿಡಿಯೋವನ್ನೂ ಸುಮಾರು 1,150 ಬಾರಿ ಜನ ನೋಡಬೇಕು. ಬಂಧುಗಳು, ನೆರೆಹೊರೆಯವರು, ಧರ್ಮಕೇಂದ್ರದ ಪರಿಚಿತರು ಎಲ್ಲರೂ ಸೇರಿದರೂ ಈ ಸಂಖ್ಯೆ ಮುಟ್ಟುವುದು ಕಷ್ಟ. ಮುಖಪರಿಚಯವೇ ಇಲ್ಲದವರು ಬಂದು ನೋಡಬೇಕು.

ಈಗ ದುಡಿಮೆಯ ಲೆಕ್ಕ. ಯೋಚಿಸುವುದು, ಚಿತ್ರೀಕರಿಸುವುದು, ಕತ್ತರಿಸಿ ಜೋಡಿಸುವುದು ಎಲ್ಲ ಸೇರಿ ಒಂದು ವಿಡಿಯೋಗೆ ಎಂಟು ಗಂಟೆ ಹಿಡಿದರೆ ವರ್ಷಕ್ಕೆ 416 ಗಂಟೆ. ಎಂಟು ಗಂಟೆಯ ಪಾಳಿಯಲ್ಲಿ ಹೇಳುವುದಾದರೆ 52 ದಿನಗಳ ಕೂಲಿಯಿಲ್ಲದ ಕೆಲಸ. ಇದರ ಮೇಲೆ ಮೈಕು, ದೀಪ, ಸ್ಟ್ಯಾಂಡು, ಇಂಟರ್ನೆಟ್ಟಿನ ಖರ್ಚು. ಇಷ್ಟಾದ ಮೇಲೆ ಮೊದಲ ರೂಪಾಯಿಯ ಬಾಗಿಲು ತೆರೆಯುತ್ತದೆ, ಅದೂ ಎಲ್ಲವೂ ಸರಿಹೋದರೆ.

2025ರ ಮೇ ತಿಂಗಳಲ್ಲಿ ಮುಂಬಯಿಯ ಸಮ್ಮೇಳನವೊಂದರಲ್ಲಿ ಯೂಟ್ಯೂಬಿನ ಮುಖ್ಯಸ್ಥ ನೀಲ್ ಮೋಹನ್ ಕೆಲವು ಅಂಕಿಗಳನ್ನು ಕೊಟ್ಟರು. ಮೂರು ವರ್ಷಗಳಲ್ಲಿ ಭಾರತದ ವಿಡಿಯೋ ತಯಾರಕರು, ಕಲಾವಿದರು ಮತ್ತು ಮಾಧ್ಯಮ ಸಂಸ್ಥೆಗಳಿಗೆ 21,000 ಕೋಟಿ ರೂಪಾಯಿಗೂ ಹೆಚ್ಚು ಕೊಟ್ಟಿರುವುದಾಗಿ ಹೇಳಿದರು. ಕೇಳಲು ದೊಡ್ಡ ಮೊತ್ತ. ಆದರೆ ಹಿಂದಿನ ಒಂದು ವರ್ಷದಲ್ಲಿ ಭಾರತದ 10 ಕೋಟಿಗೂ ಹೆಚ್ಚು ಚಾನೆಲ್‌ಗಳು ವಿಡಿಯೋ ಹಾಕಿವೆಯೆಂದೂ, ಅವುಗಳಲ್ಲಿ ಹತ್ತು ಲಕ್ಷ ಚಂದಾದಾರರನ್ನು ದಾಟಿದವು ಸುಮಾರು 15,000 ಎಂದೂ ಅವರೇ ಹೇಳಿದರು. ಭಾಗಿಸಿ ನೋಡಿ: ಆರು ಸಾವಿರ ಆರುನೂರಕ್ಕೂ ಹೆಚ್ಚು ಚಾನೆಲ್‌ಗಳಿಗೆ ಒಂದು ಮಾತ್ರ ಆ ಮಟ್ಟಕ್ಕೆ ಏರಿದೆ. ನಮ್ಮ ಕಣ್ಣಿಗೆ ಬೀಳುವುದು ಆ ಒಂದು. ಉಳಿದವರ ಕಥೆಯನ್ನು ಯಾರೂ ಹೇಳುವುದಿಲ್ಲ.

ಇದ್ದ ಕೆಲಸ ಬಿಡಬೇಕೆ?

ಖಂಡಿತ ಬೇಡ. ಮನೆಸಾಲದ ಕಂತು ತಿಂಗಳಿಗೊಮ್ಮೆ ತಪ್ಪದೆ ಬರುತ್ತದೆ, ಚಾನೆಲ್‌ನ ಹಣ ಹಾಗೆ ಬರುವುದಿಲ್ಲ. ಕನಿಷ್ಠ ಒಂದು ವರ್ಷ ಸತತವಾಗಿ ಮನೆಯ ಖರ್ಚು ತೂಗಿಸುವಷ್ಟು ಬಂದ ಮೇಲೆ, ಆರು ತಿಂಗಳ ಖರ್ಚು ಬೇರೆಯಾಗಿ ಉಳಿಸಿಟ್ಟ ಮೇಲೆ, ಗಂಡಹೆಂಡಿರಿಬ್ಬರೂ ಒಪ್ಪಿದ ಮೇಲೆ ಆ ಮಾತು ತೆಗೆಯಿರಿ. ಸಾಲ ಮಾಡಿ ಕ್ಯಾಮೆರಾ ಕೊಳ್ಳಬೇಡಿ. ಇರುವ ಮೊಬೈಲಿನಲ್ಲಿ ಆರಂಭಿಸಿ.

ಕಂಪನಿಯಲ್ಲಿರುವವರು ನೇಮಕಾತಿ ಪತ್ರವನ್ನು ಇನ್ನೊಮ್ಮೆ ಓದಿ. 2022ರ ಸೆಪ್ಟೆಂಬರಿನಲ್ಲಿ, ಸರ್ಜಾಪುರ ರಸ್ತೆಯಲ್ಲಿ ಕೇಂದ್ರ ಕಚೇರಿಯಿರುವ ವಿಪ್ರೋದ ಅಧ್ಯಕ್ಷ ರಿಷದ್ ಪ್ರೇಮ್‌ಜಿ, ಪ್ರತಿಸ್ಪರ್ಧಿ ಕಂಪನಿಗಳಿಗೂ ದುಡಿಯುತ್ತಿದ್ದ 300 ಮಂದಿಯನ್ನು ಕೆಲಸದಿಂದ ತೆಗೆದುದಾಗಿ ತಿಳಿಸಿದರು. ಅಡಿಗೆಯ ಚಾನೆಲ್ ನಡೆಸುವುದು ಅದೇ ಬಗೆಯ ತಪ್ಪೇನಲ್ಲ. ಆದರೂ ಎರಡನೆಯ ಆದಾಯಕ್ಕೆ ಒಪ್ಪಿಗೆ ಬೇಕೆಂದು ಪತ್ರದಲ್ಲಿದ್ದರೆ ಲಿಖಿತವಾಗಿ ಕೇಳಿ ಪಡೆಯಿರಿ. ಕಚೇರಿಯ ಒಳಗಿನ ಚಿತ್ರಗಳನ್ನೂ ವಿಷಯಗಳನ್ನೂ ಚಾನೆಲ್‌ಗೆ ತರಬೇಡಿ.

ಏನನ್ನು ತೋರಿಸುವುದು?

ಗೆದ್ದವರನ್ನು ಗಮನಿಸಿದರೆ ಒಂದು ಪಾಠ ಸಿಗುತ್ತದೆ. ಕಾಸರಗೋಡಿನ ಸುದರ್ಶನ್ ಭಟ್ ಬೆದ್ರಾಡಿ 2020ರ ಲಾಕ್‌ಡೌನ್ ಕಾಲದಲ್ಲಿ ಸೋದರನೊಡನೆ "ಭಟ್ ಎನ್ ಭಟ್" ಚಾನೆಲ್ ಆರಂಭಿಸಿದರು. ತೋರಿಸಿದ್ದು ತಮ್ಮ ಮನೆಯಂಗಳದ ಹಲಸು, ಬಾಳೆ, ಸೊಪ್ಪುಗಳ ಅಡಿಗೆಯನ್ನು, ತಮ್ಮ ಊರಿನ ಕನ್ನಡದಲ್ಲಿ. "ಡಾ. ಬ್ರೋ" ಎಂದು ಹೆಸರಾದ ಗಗನ್ ಶ್ರೀನಿವಾಸ್ ದೇಶವಿದೇಶ ಸುತ್ತಿ ಕನ್ನಡದಲ್ಲಿಯೇ ಮಾತನಾಡಿದರು. ಐಟಿ ಕಂಪನಿಗಳ ದಿನಚರಿಯನ್ನು ನಗೆಯಾಗಿಸಿದ ಶ್ರದ್ಧಾ ಜೈನ್ 2024ರ ಮಾರ್ಚ್ 8ರಂದು ದೆಹಲಿಯಲ್ಲಿ ರಾಷ್ಟ್ರೀಯ ಪ್ರಶಸ್ತಿ ಪಡೆದರು. ಅದಕ್ಕೂ ಮೊದಲು ಅವರು ಬೆಂಗಳೂರಿನ ರೇಡಿಯೋದಲ್ಲಿ ಮಾತುಗಾರಿಕೆ ಪಳಗಿಸಿಕೊಂಡವರು. ಈ ಮೂವರೂ ತಮಗೆ ಚೆನ್ನಾಗಿ ತಿಳಿದಿದ್ದನ್ನು ತಮ್ಮದೇ ದನಿಯಲ್ಲಿ ಹೇಳಿದವರು.

ನಿಮ್ಮ ಕೈಯಲ್ಲಿ ಏನಿದೆ ನೋಡಿ: ಹೊಲಿಗೆ, ಹತ್ತನೆಯ ತರಗತಿಯ ಗಣಿತ, ಮನೆಯ ವೈರಿಂಗ್, ಟೆರೇಸಿನ ತೋಟ, ವಲಸೆ ಬಂದವರಿಗೆ ಕನ್ನಡ ಕಲಿಸುವುದು. ಇತರರ ವಿಡಿಯೋ ತುಂಡುಗಳನ್ನು ಅಂಟಿಸಿ, ಸಿನಿಮಾ ಹಾಡು ಸೇರಿಸಿ ಗೆಲ್ಲುವೆನೆಂದರೆ ಆಗದು. ಹಾಡಿನ ಹಕ್ಕುದಾರರು ತಮ್ಮ ಹಕ್ಕು ಮಂಡಿಸಿದರೆ ಆ ವಿಡಿಯೋದ ಹಣ ಅವರ ಪಾಲಾಗಬಹುದು. 90 ದಿನಗಳಲ್ಲಿ ಮೂರು ಬಾರಿ ಕೃತಿಸ್ವಾಮ್ಯದ ಎಚ್ಚರಿಕೆ ಬಂದರೆ ಚಾನೆಲೇ ಮುಚ್ಚಬಹುದು. ಒಂದೇ ಅಚ್ಚಿನಲ್ಲಿ ರಾಶಿರಾಶಿಯಾಗಿ ತಯಾರಿಸಿದ ವಿಡಿಯೋಗಳಿಗೆ ಹಣವಿಲ್ಲವೆಂಬ ನಿಯಮವನ್ನೂ 2025ರ ಜುಲೈ 15ರಂದು ಇನ್ನಷ್ಟು ಸ್ಪಷ್ಟಪಡಿಸಲಾಯಿತು.

ವಿಡಿಯೋದ ಬೆಲೆಯೆಲ್ಲ ಹಣದಲ್ಲಿಲ್ಲ ಎಂಬುದಕ್ಕೆ ನಮ್ಮ ಊರಿನ ಕೆರೆಯೇ ಸಾಕ್ಷಿ. 2015ರ ಮೇ, 2017ರ ಫೆಬ್ರವರಿ, 2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆಯಲ್ಲಿ ಬೆಂಕಿ ಎದ್ದಾಗ, ನೊರೆ ರಸ್ತೆಗೆ ಹಾರಿಬಂದಾಗ, ಆ ದೃಶ್ಯಗಳು ಜಗತ್ತನ್ನೆಲ್ಲ ಸುತ್ತಿದವು. ಸುದ್ದಿಗಳನ್ನು ಕಂಡ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ತಾನಾಗಿಯೇ ವಿಚಾರಣೆ ಕೈಗೆತ್ತಿಕೊಂಡು, 2018ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರಕ್ಕೆ 50 ಕೋಟಿ ರೂಪಾಯಿ ದಂಡ ವಿಧಿಸಿತು. ಕಂಡದ್ದನ್ನು ಕಂಡಂತೆ ತೋರಿಸಿದ ಮೊಬೈಲಿಗೆ ಇಷ್ಟು ಶಕ್ತಿಯಿದೆ.

ಸತ್ಯಕ್ಕೆ ಬೆಲೆ ಕಟ್ಟಬೇಡಿ

ಚಾನೆಲ್ ಸ್ವಲ್ಪ ಬೆಳೆದರೆ ಅಂಗಡಿಯವರೂ ಕಂಪನಿಯವರೂ ಬರುತ್ತಾರೆ: "ನಮ್ಮ ವಸ್ತು ಚೆನ್ನಾಗಿದೆಯೆಂದು ಹೇಳಿ, ಇಷ್ಟು ಕೊಡುತ್ತೇವೆ." ತಪ್ಪಿಲ್ಲ, ಆದರೆ ಹಣ ಪಡೆದಿರುವುದನ್ನು ನೋಡುಗರಿಗೆ ಸ್ಪಷ್ಟವಾಗಿ ತಿಳಿಸಬೇಕು. ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಈ ಕುರಿತು ಮಾರ್ಗಸೂಚಿ ಹೊರಡಿಸಿದೆ. ಬಿಟ್ಟಿಯಾಗಿ ಬಂದ ವಸ್ತು, ಪ್ರವಾಸ, ರಿಯಾಯಿತಿಗೂ ಅದು ಅನ್ವಯಿಸುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೆ, ಮತ್ತೆ ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಬೀಳಬಹುದು. ನೀವು ಬಳಸದ ಎಣ್ಣೆಯನ್ನು "ನಮ್ಮ ಮನೆಯಲ್ಲಿ ಇದೇ" ಎಂದರೆ ಅದು ದಂಡಕ್ಕೆ ಮೊದಲೇ ಸುಳ್ಳುಸಾಕ್ಷಿ. ನಿಮ್ಮನ್ನು ನಂಬಿ ಕೊಳ್ಳುವವರು ನಿಮ್ಮಂಥ ಬಡ ಸಂಸಾರಸ್ಥರೇ.

ಬಂದ ಹಣಕ್ಕೆ ಲೆಕ್ಕವೂ ಇರಲಿ. ಡಾಲರಿನಲ್ಲಿ ಬಂದರೂ ಅದು ಇಲ್ಲಿಯ ಆದಾಯ. ಆದಾಯ ತೆರಿಗೆಯ ವಿವರಪತ್ರದಲ್ಲಿ ತೋರಿಸಬೇಕು. 2021ರ ಜೂನ್‌ನಿಂದ ಅಮೆರಿಕದ ವೀಕ್ಷಕರಿಂದ ಬರುವ ಪಾಲಿನಲ್ಲಿ ಅಲ್ಲಿಯ ತೆರಿಗೆ ಮುರಿದುಕೊಳ್ಳುತ್ತಾರೆ. ನಮೂನೆ ಸರಿಯಾಗಿ ತುಂಬಿದರೆ ಆ ಪಾಲಿಗೆ ಮಾತ್ರ ಶೇಕಡಾ 15. ತುಂಬದೆ ಬಿಟ್ಟರೆ ಒಟ್ಟು ಆದಾಯದಲ್ಲಿಯೇ ಶೇಕಡಾ 24ರವರೆಗೆ ಹೋಗಬಹುದು.

ಮಕ್ಕಳು ಬಂಡವಾಳವಲ್ಲ

ಪುಟ್ಟ ಮಕ್ಕಳ ತೊದಲು ಮಾತಿಗೆ ವೀಕ್ಷಕರು ಹೆಚ್ಚೆಂಬುದು ನಿಜ. ಆದರೆ ಇಂದು ಹಾಕಿದ ವಿಡಿಯೋ ಆ ಮಗು ಕಾಲೇಜಿಗೆ ಹೋಗುವಾಗಲೂ ಉಳಿದಿರುತ್ತದೆ. ಮಗುವಿನ ಅಳು, ಕಾಯಿಲೆ, ಪರೀಕ್ಷೆಯ ಅಂಕ, ಶಾಲೆಯ ಸಮವಸ್ತ್ರ, ಮನೆಯ ವಿಳಾಸ, ಇವು ಯಾವುವೂ ಹೊರಗಿನವರಿಗಲ್ಲ. ಫ್ರಾನ್ಸ್ ದೇಶ 2020ರಲ್ಲಿಯೇ ಕಾಯಿದೆ ಮಾಡಿ, ವಿಡಿಯೋಗಳಲ್ಲಿ ದುಡಿಯುವ ಮಕ್ಕಳ ಗಳಿಕೆಯನ್ನು ಅವರು ವಯಸ್ಕರಾಗುವವರೆಗೆ ಕಾಪಿಡುವ ಏರ್ಪಾಟು ಮಾಡಿತು. ನಮ್ಮ ದೇಶದಲ್ಲಿ ಸಿನಿಮಾ, ಟಿವಿಯ ಬಾಲಕಲಾವಿದರಿಗಾಗಿ ಇರುವ ನಿಯಮದಂತೆ ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸ ಕೂಡದು. ಗಳಿಕೆಯಲ್ಲಿ ಕನಿಷ್ಠ ಶೇಕಡಾ 20 ಮಗುವಿನ ಹೆಸರಿನ ಠೇವಣಿಗೆ ಹೋಗಬೇಕು. ಅಪ್ಪಅಮ್ಮನ ಕ್ಯಾಮೆರಾ ಇದಕ್ಕಿಂತ ಕಠಿಣವಾಗಿರಬಾರದು. ಮಗು "ಬೇಡ" ಎಂದ ದಿನ ಕ್ಯಾಮೆರಾ ಮುಚ್ಚಿ.

ಮೋಸದ ಬಲೆ

"ವಿಡಿಯೋಗೆ ಲೈಕ್ ಒತ್ತಿ, ಒಂದಕ್ಕೆ 50 ರೂಪಾಯಿ" ಎಂಬ ಸಂದೇಶ ವಾಟ್ಸಾಪಿಗೋ ಟೆಲಿಗ್ರಾಮಿಗೋ ಬಂದರೆ ಕೂಡಲೇ ಅಳಿಸಿಹಾಕಿ. ಮೊದಲು ನೂರಿನ್ನೂರು ನಿಜವಾಗಿ ಕೊಡುತ್ತಾರೆ. ನಂಬಿಕೆ ಹುಟ್ಟಿದ ಮೇಲೆ "ಹೆಚ್ಚಿನ ಕೆಲಸಕ್ಕೆ ಠೇವಣಿ" ಕೇಳಿ ಲಕ್ಷಗಟ್ಟಲೆ ದೋಚುತ್ತಾರೆ. ಬೆಂಗಳೂರಿನಲ್ಲಿ ಓದಿದವರು, ಕಂಪನಿ ನೌಕರರು ಸಹ ಈ ಬಲೆಗೆ ಬಿದ್ದು ಉಳಿತಾಯ ಕಳೆದುಕೊಂಡಿದ್ದಾರೆ. ಚಂದಾದಾರರನ್ನು ಮಾರುವವರೂ ಬೇಗ ಹಣ ಬರುವಂತೆ ಮಾಡಿಕೊಡುವೆವೆಂಬವರೂ ಇದೇ ಗುಂಪು. ಹಣ ಹೋದರೆ ನಾಚಿ ಮುಚ್ಚಿಡಬೇಡಿ. ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಅವಕಾಶ ಹೆಚ್ಚು.

ಮನೆಮಂದಿ ಕುಳಿತು ಯೋಚಿಸಲು

1. ಬೇರೊಬ್ಬರನ್ನು ನೋಡಿ ನಕಲು ಮಾಡದೆ, ನಾವೇ ಚೆನ್ನಾಗಿ ಬಲ್ಲ ಯಾವ ವಿಷಯವನ್ನು 52 ವಾರ ಹೇಳಬಲ್ಲೆವು?

2. ಒಂದು ವರ್ಷ ಒಂದು ರೂಪಾಯಿಯೂ ಬಾರದಿದ್ದರೆ ಮನೆಯ ಖರ್ಚಿಗೆ ತೊಂದರೆಯಾಗುವುದೆ?

3. ವಾರದ ಆ ಎಂಟು ಗಂಟೆ ಎಲ್ಲಿಂದ ಬರುತ್ತದೆ? ನಿದ್ದೆಯಿಂದಲೋ, ಭಾನುವಾರದ ಪೂಜೆ ಮತ್ತು ಮನೆಯವರ ಊಟದ ಹೊತ್ತಿನಿಂದಲೋ, ಮೊಬೈಲಿನಲ್ಲಿ ಸುಮ್ಮನೆ ಕಳೆಯುವ ಸಮಯದಿಂದಲೋ?

4. ಯಾವ ವಸ್ತುವಿಗೆ, ಎಷ್ಟೇ ಹಣ ಕೊಟ್ಟರೂ, ನಾವು ಪ್ರಚಾರ ಮಾಡುವುದಿಲ್ಲ?

5. ಮನೆಯ ಯಾವ ಬಾಗಿಲಿನೊಳಗೆ ಕ್ಯಾಮೆರಾ ಬರಕೂಡದು?

ಈ ಐದಕ್ಕೂ ಒಂದು ಹಾಳೆಯಲ್ಲಿ ಉತ್ತರ ಬರೆದು, ಮನೆಯವರೆಲ್ಲ ಓದಿ ಒಪ್ಪಿದ ಮೇಲೆ ಮೊದಲ ವಿಡಿಯೋ ಮಾಡಿ. ವರ್ಷ ಕಳೆದ ಮೇಲೆ ಅದೇ ಹಾಳೆ ತೆಗೆದು ಲೆಕ್ಕ ನೋಡಿ. ಹಣ ಬಂದಿದ್ದರೆ ದೇವರಿಗೆ ಸ್ತೋತ್ರ. ಬಾರದಿದ್ದರೂ ಸಾಲವಿಲ್ಲದೆ, ಸುಳ್ಳಿಲ್ಲದೆ, ಮಕ್ಕಳಿಗೆ ನೋವಿಲ್ಲದೆ ಒಂದು ಕೆಲಸ ಕಲಿತಂತಾಯಿತು.