ನೋಟದ ಸೊಬಗಿಗೆ ಅಂಕಗಳು

ಬೆಟ್ಟದ ಅಂದಕ್ಕೆ ಇಷ್ಟು ಅಂಕಗಳೆಂದು ಕೊಡುವುದು ಸಾಧ್ಯವೋ? ಗಣಿಯ ಅದಿರಿಗೆ ತೂಕವುಂಟು, ಕಾಡಿನ ಮರಕ್ಕೆ ಬೆಲೆಯುಂಟು. ಕಣ್ಣಿಗೆ ತೋರುವ ಸೊಬಗು ಮಾತ್ರ ಯಾವ ಲೆಕ್ಕಕ್ಕೂ ಸೇರದು. ಲೆಕ್ಕಕ್ಕೆ ಸೇರದ್ದು, ನೆಲದ ಬಳಕೆಯನ್ನು ನಿಶ್ಚಯಿಸುವವರ ಮುಂದೆ ಇಲ್ಲದಂತೆಯೇ ಸರಿ. ಈ ಕೊರತೆಯನ್ನು ನೀಗಲು ಅಮೇರಿಕಾ ಸಂಯುಕ್ತ ಸಂಸ್ಥಾನಗಳ ಭೂನಿರ್ವಹಣಾ ಇಲಾಖೆಯವರು ಏರ್ಪಡಿಸಿದ ಕ್ರಮವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ತಿಳಿಸಬಯಸುತ್ತೇವೆ.

ಸರಕಾರೀ ಭೂಮಿಗಳ ದೃಶ್ಯಸೌಂದರ್ಯವನ್ನೂ ಕಾಪಾಡತಕ್ಕದ್ದೆಂದು 1976ರ ಕಾನೂನು ಅಲ್ಲಿ ವಿಧಿಸಿತು. 1986ರ ಕೈಪಿಡಿಯ ಪ್ರಕಾರ ಪ್ರತಿಯೊಂದು ಪ್ರದೇಶಕ್ಕೂ ಏಳು ವಿಷಯಗಳಲ್ಲಿ ಅಂಕ ಕೊಡಲಾಗುತ್ತದೆ: ನೆಲದ ಆಕಾರ, ಸಸ್ಯಗಳು, ನೀರು, ಬಣ್ಣ, ಸುತ್ತಣ ನೋಟ, ವಿರಳತೆ, ಮನುಷ್ಯನ ಕೈಗೆಲಸ. ಕಡಿದಾದ ಎತ್ತರದ ಬಂಡೆಗಳಿಗೆ 5 ಅಂಕ, ತಗ್ಗಾದ ಗುಡ್ಡಗಳಿಗೆ 1. ಮನುಷ್ಯನು ಕಟ್ಟಿದ್ದು ನೋಟಕ್ಕೆ ಮೆರುಗು ಕೊಟ್ಟರೆ 2 ಅಂಕ ಕೂಡಬಹುದು. ಕೆಡಿಸಿದರೆ 4ರ ವರೆಗೆ ಕಳೆಯಬಹುದು. ಒಟ್ಟು 19 ಅಥವಾ ಹೆಚ್ಚು ಬಂದರೆ ಮೊದಲನೆಯ ದರ್ಜೆ, 12ರಿಂದ 18 ಎರಡನೆಯದು, 11 ಅಥವಾ ಕಡಿಮೆ ಮೂರನೆಯದು.

ಉಪಾಧ್ಯಾಯಿನಿಯರಾದ ನಾವು ಮೆಚ್ಚಿದ ನಿಯಮ ಒಂದುಂಟು. ಯಾವ ಪ್ರದೇಶವನ್ನಾದರೂ ಅದೇ ಬಗೆಯ ಭೂಸ್ವರೂಪವುಳ್ಳ ಸೀಮೆಯ ಇತರ ಪ್ರದೇಶಗಳೊಡನೆ ಹೋಲಿಸತಕ್ಕದ್ದು. ನೆವಾಡದ ಒಣ ಕಣಿವೆಯನ್ನು ದೂರದ ಹಸುರು ಕಾಡಿನ ಎದುರಿಗೆ ನಿಲ್ಲಿಸಿ ಕೀಳೆನ್ನುವುದು ನ್ಯಾಯವಲ್ಲ. ಎಲ್ಲಾ ಭೂಮಿಗೂ ತನ್ನದೇ ಸೊಬಗುಂಟೆಂಬುದೇ ಈ ಕ್ರಮದ ಅಸ್ತಿಭಾರವಾಗಿದೆ.

ಆದರೆ ಅಂಕಗಳೇ ತೀರ್ಪಲ್ಲ. ಜನರಿಗೆ ಆ ಸ್ಥಳದಲ್ಲಿ ಎಷ್ಟು ಆಸ್ಥೆಯುಂಟು, ಅದು ದಾರಿಹೋಕರಿಗೆ ಎಷ್ಟು ದೂರದಿಂದ ಕಾಣುತ್ತದೆ ಎಂಬುದನ್ನೂ ಕೂಡಿಸಿ ನೆಲವನ್ನು ನಾಲ್ಕು ವರ್ಗಗಳಲ್ಲಿ ಇಡುತ್ತಾರೆ. ಮೊದಲನೆಯ ವರ್ಗದಲ್ಲಿ ಇದ್ದ ರೂಪವನ್ನು ಉಳಿಸುವುದೇ ಗುರಿ. ನಾಲ್ಕನೆಯದರಲ್ಲಿ ದೊಡ್ಡ ಮಾರ್ಪಾಟಿಗೂ ಎಡೆಯುಂಟು. ಎರಡನೆಯ ದರ್ಜೆಯ ನೋಟವು ಹತ್ತಿರದಲ್ಲಿದ್ದು ಬಹುಜನರ ಆಸ್ಥೆಗೆ ಪಾತ್ರವಾದರೆ ಎರಡನೆಯ ವರ್ಗಕ್ಕೆ ಸೇರುವುದು. ಅಷ್ಟೇ ಸೊಬಗು ಯಾರ ಆಸ್ಥೆಯೂ ಇಲ್ಲದೆ ಮರೆಯಲ್ಲಿದ್ದರೆ ನಾಲ್ಕನೆಯದಕ್ಕೆ ಇಳಿಯುವುದು. ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತ ಬಾಲಿಕೆಯ ಗುಣವು ಎಷ್ಟೋ ಸಾರಿ ಹೀಗೆಯೇ ನಮ್ಮ ಗಮನದಿಂದ ತಪ್ಪಿಹೋದದ್ದುಂಟೆಂದು ನಾವು ಒಪ್ಪಿಕೊಳ್ಳಬೇಕು.

ಆದುದರಿಂದ ನಮ್ಮ ಹೆಣ್ಣುಮಕ್ಕಳು ಈ ಪಾಠದಿಂದ ಎರಡು ಮಾತುಗಳನ್ನು ಮನಸ್ಸಿನಲ್ಲಿಡಲಿ. ಸೃಷ್ಟಿಯ ಸೊಬಗನ್ನು ಅಂಕವು ಉಂಟುಮಾಡದು; ಅದರ ಪರವಾಗಿ ಸಾಕ್ಷಿ ಹೇಳುವುದಷ್ಟೇ. ಆ ಸಾಕ್ಷಿಗೆ ಬಲ ಬರಬೇಕಾದರೆ ಅದನ್ನು ನೋಡಿ, ಪ್ರೀತಿಸಿ, ಬಾಯಿಬಿಟ್ಟು ಹೇಳುವವರೂ ಇರಬೇಕು. ನಿಮ್ಮ ಊರಿನ ಗುಡ್ಡವನ್ನೂ ಹೊಳೆಯನ್ನೂ ಮಕ್ಕಳ ಕೈಹಿಡಿದು ತೋರಿಸಿರಿ.