ಬಿದ್ದ ಹಿರಿಯರಿಗೆ ಬೇಗ ನೆರವು: ಧರಿಸುವ ಸುರಕ್ಷತಾ ಸಾಧನಗಳು ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)



ಊರಿನ ರಸ್ತೆಯಲ್ಲಿ ಅಪಘಾತವಾದರೆ ಪಂಚಾಯಿತಿ ಸಭೆಯಲ್ಲಿ ಅದು ಚರ್ಚೆಗೆ ಬರುತ್ತದೆ. ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ಅಜ್ಜಿಯ ವಿಷಯ ಮಾತ್ರ ಯಾವ ನಡಾವಳಿಯಲ್ಲಿಯೂ ದಾಖಲಾಗುವುದಿಲ್ಲ. ವಯಸ್ಸಾದ ಮೇಲೆ ಬೀಳುವುದು ಸಹಜವೆಂದು ನಾವು ಸುಮ್ಮನಾಗುತ್ತೇವೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 6.84 ಲಕ್ಷ ಜನರು ಬಿದ್ದು ಮೃತಪಡುತ್ತಾರೆ. ಆಕಸ್ಮಿಕ ಗಾಯಗಳಿಂದಾಗುವ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದರದೇ. ಇವುಗಳಲ್ಲಿ ಶೇ. 80ಕ್ಕೂ ಹೆಚ್ಚು ಸಾವುಗಳು ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಸಂಭವಿಸುತ್ತವೆ. 60 ವರ್ಷ ದಾಟಿದವರೇ ಅತಿ ಹೆಚ್ಚು ಬಲಿಯಾಗುತ್ತಾರೆ.

2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ 60 ವರ್ಷ ಮೇಲ್ಪಟ್ಟವರು ಸುಮಾರು 10.4 ಕೋಟಿ, ಅವರಲ್ಲಿ ಶೇ. 71ರಷ್ಟು ಮಂದಿ ಗ್ರಾಮವಾಸಿಗಳು. ಮಕ್ಕಳು ದುಡಿಮೆಗಾಗಿ ನಗರ ಸೇರಿರುವ ಮನೆಗಳಲ್ಲಿ ತಂದೆತಾಯಿಯರಷ್ಟೇ ಉಳಿದಿರುವುದು ಯಾವ ಊರಿಗೂ ಹೊಸದಲ್ಲ. ಇಂಥ ಮಕ್ಕಳು ಇತ್ತೀಚೆಗೆ ಹೆತ್ತವರಿಗೆ ಕೈಗಡಿಯಾರದಂತಹ ಎಚ್ಚರಿಕೆ ಸಾಧನಗಳನ್ನು ಕೊಂಡು ತರುತ್ತಿದ್ದಾರೆ. ಆ ಸಾಧನಗಳಿಂದ ಆಗುವುದೇನು, ಆಗದಿರುವುದೇನು, ಅವು ಫಲ ಕೊಡಬೇಕಾದರೆ ಊರು ಮಾಡಬೇಕಾದುದೇನು ಎಂಬುದನ್ನು ಸದಸ್ಯರ ಗಮನಕ್ಕೆ ತರುವುದು ಈ ಪಾಠದ ಉದ್ದೇಶ.

1. ಬಿದ್ದಲ್ಲಿಯೇ ಉಳಿಯುವ ಅಪಾಯ

ಬಿದ್ದಾಗ ಆಗುವ ಪೆಟ್ಟು ಒಂದು ಅಪಾಯ. ಏಳಲಾಗದೆ ನೆಲದ ಮೇಲೆಯೇ ಗಂಟೆಗಟ್ಟಲೆ ಬಿದ್ದಿರುವುದು ಎರಡನೆಯ ಅಪಾಯ. ಒಂದೇ ಭಂಗಿಯಲ್ಲಿ ಬಿದ್ದಿದ್ದರೆ ಮೈಭಾರದಿಂದ ಸ್ನಾಯುಗಳು ಜಜ್ಜಿಹೋಗಿ, ಅವುಗಳಿಂದ ಹೊರಬಂದ ವಸ್ತುಗಳು ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲವು. ಒತ್ತುಹುಣ್ಣು, ನಿರ್ಜಲೀಕರಣ, ಶ್ವಾಸಕೋಶದ ಸೋಂಕು ಇವೆಲ್ಲ ಅದರ ಹಿಂದೆಯೇ ಬರುತ್ತವೆ. ಒಂದು ಗಂಟೆಗಿಂತ ಹೆಚ್ಚು ಕಾಲ ನೆಲದಲ್ಲಿ ಉಳಿಯುವುದನ್ನು ವೈದ್ಯರು ಪ್ರತ್ಯೇಕ ಅಪಾಯವೆಂದೇ ಪರಿಗಣಿಸುತ್ತಾರೆ. ಮೂಳೆ ಮುರಿಯದಿದ್ದರೂ ಇಂಥ ಅನುಭವದ ನಂತರ ಹಿರಿಯರಲ್ಲಿ ಭಯ ಮನೆಮಾಡುತ್ತದೆ. ಭಯದಿಂದ ಓಡಾಟ ಕಡಿಮೆಯಾಗುತ್ತದೆ, ಓಡಾಟ ಕಡಿಮೆಯಾದಂತೆ ಕಾಲಿನ ಬಲ ಕುಗ್ಗುತ್ತದೆ, ಬಲ ಕುಗ್ಗಿದವರು ಮತ್ತೆ ಬೀಳುತ್ತಾರೆ.

ಧರಿಸುವ ಸಾಧನ ಯಾರನ್ನೂ ಬೀಳದಂತೆ ತಡೆಯುವುದಿಲ್ಲ. ಬಿದ್ದ ಕ್ಷಣಕ್ಕೂ ನೆರವು ಬರುವ ಕ್ಷಣಕ್ಕೂ ನಡುವಿನ ಅವಧಿಯನ್ನು ಕಡಿಮೆ ಮಾಡುವುದಷ್ಟೇ ಅದರ ಕೆಲಸ. ಈ ಒಂದು ವಿಷಯ ಸ್ಪಷ್ಟವಾದರೆ ಉಳಿದುದೆಲ್ಲ ಸುಲಭವಾಗಿ ತಿಳಿಯುತ್ತದೆ.

2. ಸಾಧನಗಳ ಬಗೆಗಳು

ಮೊದಲನೆಯದು ಗುಂಡಿ ಒತ್ತುವ ಸಾಧನ. ಇದನ್ನು ಕೊರಳಿಗೆ ಪದಕದಂತೆ ಅಥವಾ ಮಣಿಕಟ್ಟಿಗೆ ಕಟ್ಟಿಕೊಳ್ಳುತ್ತಾರೆ. ಗುಂಡಿ ಒತ್ತಿದರೆ ಮೊದಲೇ ನಮೂದಿಸಿದ ಸಂಖ್ಯೆಗಳಿಗೆ ಕರೆ ಅಥವಾ ಸಂದೇಶ ಹೋಗುತ್ತದೆ. ಬಿದ್ದವರಿಗೆ ಪ್ರಜ್ಞೆ ಇರಬೇಕು, ಕೈ ಆಡಬೇಕು ಎಂಬುದು ಇದರ ಮಿತಿ.

ಎರಡನೆಯದು ಬಿದ್ದುದನ್ನು ತಾನೇ ಗುರುತಿಸುವ ಕೈಗಡಿಯಾರ. ಇದರೊಳಗೆ ಚಲನೆಯ ವೇಗದ ಬದಲಾವಣೆಯನ್ನು ಅಳೆಯುವ ಆಕ್ಸೆಲೆರೋಮೀಟರ್ ಮತ್ತು ತಿರುಗುವಿಕೆಯನ್ನು ಅಳೆಯುವ ಗೈರೋಸ್ಕೋಪ್ ಎಂಬ ಚಿಕ್ಕ ಬಿಲ್ಲೆಗಳಿರುತ್ತವೆ. ದೇಹ ಒಮ್ಮೆಲೆ ಕುಸಿಯುವುದು, ನೆಲಕ್ಕೆ ಬಡಿಯುವುದು, ಬಳಿಕ ಅಲುಗಾಡದಿರುವುದು ಎಂಬ ಮೂರು ಘಟನೆಗಳು ಒಂದರ ಹಿಂದೊಂದು ನಡೆದರೆ ಧರಿಸಿದವರು ಬಿದ್ದಿದ್ದಾರೆಂದು ಸಾಧನ ಅರ್ಥೈಸುತ್ತದೆ. ಆ್ಯಪಲ್ ಕಂಪನಿ 2018ರಲ್ಲಿ ತನ್ನ ಗಡಿಯಾರದಲ್ಲಿ ಅಳವಡಿಸಿದ ವ್ಯವಸ್ಥೆಯಲ್ಲಿ, ಜೋರಾಗಿ ಬಿದ್ದವರು ಸುಮಾರು ಒಂದು ನಿಮಿಷ ಅಲುಗಾಡದಿದ್ದರೆ ತುರ್ತು ಸೇವೆಗೆ ತಾನಾಗಿ ಕರೆ ಹೋಗುತ್ತದೆ. ಎಲ್ಲ ಬೀಳುವಿಕೆಗಳನ್ನೂ ಗುರುತಿಸಲಾಗದೆಂದು ಆ ಕಂಪನಿಯೇ ತಿಳಿಸುತ್ತದೆ.

ಮೂರನೆಯದು ಈಗಾಗಲೇ ಕೈಯಲ್ಲಿರುವ ಮೊಬೈಲ್ ಫೋನ್. ಕೇಂದ್ರ ಸರ್ಕಾರದ 2016ರ ನಿಯಮಗಳಂತೆ ದೇಶದಲ್ಲಿ ಮಾರಾಟವಾಗುವ ಮೊಬೈಲ್‌ಗಳಲ್ಲಿ ತುರ್ತು ಗುಂಡಿಯ ಸೌಲಭ್ಯ ಇರಬೇಕು. ಕೀಪ್ಯಾಡ್ ಫೋನಿನಲ್ಲಿ 5 ಅಥವಾ 9ನೆಯ ಗುಂಡಿಯನ್ನು ಒತ್ತಿ ಹಿಡಿಯುವುದು, ಸ್ಮಾರ್ಟ್‌ಫೋನಿನಲ್ಲಿ ಪವರ್ ಗುಂಡಿಯನ್ನು ಬೇಗಬೇಗ ಮೂರು ಬಾರಿ ಒತ್ತುವುದು ಇದರ ಕ್ರಮ. ಕರೆ 112ಕ್ಕೆ ಹೋಗುತ್ತದೆ. ಫೋನನ್ನು ಮೊಳೆಗೆ ತೂಗುಹಾಕಿ ಹಿತ್ತಲಿಗೆ ಹೋದರೆ ಈ ಸೌಲಭ್ಯ ಇದ್ದೂ ಇಲ್ಲದಂತೆ. ಸೊಂಟದ ಚೀಲದಲ್ಲಿಯೋ ಅಂಗಿಯ ಜೇಬಿನಲ್ಲಿಯೋ ಅದು ಸದಾ ಇರಬೇಕು.

ಇವಲ್ಲದೆ ಒಳಉಡುಪಿನಂತೆ ತೊಡುವ, ಸೊಂಟದ ಎರಡೂ ಬದಿಗೆ ಮೆತ್ತೆಯಿರುವ ರಕ್ಷಾಕವಚಗಳೂ ಇವೆ. ವೃದ್ಧಾಶ್ರಮಗಳಲ್ಲಿ ಇವುಗಳಿಂದ ಸೊಂಟದ ಮೂಳೆ ಮುರಿತ ಸ್ವಲ್ಪ ಕಡಿಮೆಯಾಗಬಹುದು. ಸ್ವಂತ ಮನೆಗಳಲ್ಲಿರುವ ಹಿರಿಯರಲ್ಲಿ ಹೇಳಿಕೊಳ್ಳುವಂಥ ಪ್ರಯೋಜನ ಕಂಡುಬಂದಿಲ್ಲ. ಸೆಕೆ, ಬಿಗಿತ, ಮುಜುಗರಗಳಿಂದ ಬಹಳ ಮಂದಿ ಅವನ್ನು ಸತತವಾಗಿ ತೊಡುವುದಿಲ್ಲ.

3. ಸಾಧನ ಇದ್ದೂ ಉಪಯೋಗಕ್ಕೆ ಬಾರದಿರುವುದು

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ 90 ವರ್ಷ ದಾಟಿದವರನ್ನು ಒಂದು ವರ್ಷ ಕಾಲ ಗಮನಿಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಅಲ್ಲಿ ಕರೆಗುಂಡಿಗಳು ವ್ಯಾಪಕವಾಗಿ ಲಭ್ಯವಿದ್ದವು. ಆದರೂ ಬಿದ್ದು ಬಹಳ ಹೊತ್ತು ನೆಲದಲ್ಲಿಯೇ ಉಳಿದ ಹೆಚ್ಚಿನ ಪ್ರಸಂಗಗಳಲ್ಲಿ ಯಾರೂ ಗುಂಡಿ ಒತ್ತಿರಲಿಲ್ಲ. ಸಾಧನ ಕೊಡಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ನಮ್ಮ ಮನೆಗಳಲ್ಲಿಯೂ ಕಾರಣಗಳನ್ನು ಊಹಿಸುವುದು ಕಷ್ಟವಲ್ಲ. ಸ್ನಾನಕ್ಕೆ ಹೋಗುವಾಗ ಸಾಧನವನ್ನು ಬಿಚ್ಚಿಡುತ್ತಾರೆ, ಜಾರುವುದು ಅಲ್ಲಿಯೇ. ದಿನವೂ ಚಾರ್ಜ್ ಮಾಡಲು ಮರೆಯುತ್ತಾರೆ. ಗೋಡೆ ಹಿಡಿದು ಮೆಲ್ಲನೆ ಕುಸಿದರೆ, ಮಂಚದಿಂದ ಜಾರಿದರೆ ಸಾಧನಕ್ಕೆ ತಿಳಿಯದಿರಬಹುದು. ಸೌದೆ ಒಡೆಯುವಾಗಿನ ಏಟನ್ನು ಬೀಳುವಿಕೆಯೆಂದು ಅದು ತಪ್ಪಾಗಿ ತಿಳಿಯಲೂಬಹುದು. ಇವೆಲ್ಲಕ್ಕಿಂತ ದೊಡ್ಡ ಅಡ್ಡಿ ಸಂಕೋಚ. "ಮಕ್ಕಳಿಗೆ ಗಾಬರಿಯಾದೀತು, ಹೇಳಬೇಡಿ" ಎನ್ನುವ ಹಿರಿಯರು ಗುಂಡಿ ಒತ್ತಲಾರರು. ಬಿದ್ದುದು ನಾಚಿಕೆಯ ವಿಷಯವಲ್ಲ, ಕರೆದರೆ ಯಾರಿಗೂ ಹೊರೆಯಾಗುವುದಿಲ್ಲ ಎಂಬ ಮಾತನ್ನು ಅವರಿಗೆ ಪದೇ ಪದೇ ಹೇಳಬೇಕಾಗುತ್ತದೆ. ಅವರ ಒಪ್ಪಿಗೆಯಿಲ್ಲದೆ ಬಲವಂತವಾಗಿ ಕಟ್ಟಿದ ಸಾಧನ ಪೆಟ್ಟಿಗೆ ಸೇರುತ್ತದೆ.

4. ಕೊಳ್ಳುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

ಸಲಹೆ ಕೇಳಿ ಬಂದ ಕುಟುಂಬಗಳಿಗೆ ಸದಸ್ಯರು ಈ ಅಂಶಗಳನ್ನು ತಿಳಿಸಬಹುದು.

(ಅ) ಮನೆಯೊಳಗೆ, ಬಚ್ಚಲಿನಲ್ಲಿ, ದನದ ಕೊಟ್ಟಿಗೆಯಲ್ಲಿ ಮೊಬೈಲ್ ಸಂಪರ್ಕ ಸಿಗುತ್ತದೆಯೇ? ಸಂಪರ್ಕ ಸಿಗದ ಜಾಗದಿಂದ ಕರೆ ಹೋಗದು.
(ಆ) ಸಾಧನಕ್ಕೆ ತನ್ನದೇ ಸಿಮ್ ಇದೆಯೇ, ಅಥವಾ ಹತ್ತಿರದಲ್ಲಿ ಫೋನ್ ಇರಲೇಬೇಕೇ?
(ಇ) ನೀರಿನಿಂದ ಕೆಡದಂತೆ ರಕ್ಷಣೆ ಇದೆಯೇ? ಐಪಿ67 ಎಂಬ ಗುರುತು ಇದ್ದರೆ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷದವರೆಗೆ ತಾಳಿಕೊಳ್ಳುತ್ತದೆ ಎಂದರ್ಥ.
(ಈ) ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ದಿನ ಬರುತ್ತದೆ?
(ಉ) ಬೆಲೆಯ ಹೊರತಾಗಿ ತಿಂಗಳ ಅಥವಾ ವರ್ಷದ ಶುಲ್ಕ ಇದೆಯೇ?
(ಊ) ಓದಲು ಬಾರದವರೂ, ಕಣ್ಣು ಮಂಜಾದವರೂ ಬಳಸಲು ಸಾಧ್ಯವೇ?

5. ಕರೆಗೆ ಓಡಿ ಬರುವವರು ಯಾರು?

ಒಂದು ಪ್ರಸಂಗವನ್ನು ಊಹಿಸೋಣ. ನಡುರಾತ್ರಿ ಹಳ್ಳಿಯಲ್ಲಿ ತಾಯಿ ಬೀಳುತ್ತಾರೆ. ಗಡಿಯಾರ ತಕ್ಷಣ ಬೆಂಗಳೂರಿನಲ್ಲಿರುವ ಮಗನ ಫೋನಿಗೆ ಕರೆ ಮಾಡುತ್ತದೆ. ಮಗ ನೂರಾರು ಕಿಲೋಮೀಟರ್ ದೂರದಲ್ಲಿದ್ದಾನೆ. ಆತನ ಬಳಿ ಪಕ್ಕದ ಮನೆಯವರ ಸಂಖ್ಯೆ ಇಲ್ಲ. ಇದ್ದರೂ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದೆ. ಸಾಧನ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ. ಆದರೂ ತಾಯಿ ಬೆಳಗಿನವರೆಗೆ ನೆಲದ ಮೇಲೆಯೇ ಇರುತ್ತಾರೆ.

ಆದುದರಿಂದ ಸಾಧನದಲ್ಲಿ ನಮೂದಿಸುವ ಮೊದಲ ಸಂಖ್ಯೆ ಹತ್ತು ನಿಮಿಷದೊಳಗೆ ಬಾಗಿಲಿಗೆ ಬರಬಲ್ಲವರದಾಗಿರಬೇಕು; ದೂರದ ಮಕ್ಕಳದು ಅನಂತರದ್ದು. ಅಂಥ ಇಬ್ಬರು ನೆರೆಹೊರೆಯವರನ್ನು ಒಪ್ಪಿಸಿ ಗೊತ್ತುಪಡಿಸಬೇಕು. ಬಾಗಿಲಿನ ಹೆಚ್ಚುವರಿ ಬೀಗದ ಕೈ ಅವರ ಬಳಿ ಇರಬೇಕು ಅಥವಾ ಹೊರಗಿನಿಂದಲೂ ತೆಗೆಯಬಹುದಾದ ಚಿಲಕ ಇರಬೇಕು. ತಿಂಗಳಿಗೊಮ್ಮೆ ಗುಂಡಿ ಒತ್ತಿ ನೋಡಿ, ಅವರಿಗೆ ಕರೆ ತಲುಪುವುದೇ ಎಂದು ಪರೀಕ್ಷಿಸಬೇಕು. ಹಾಗೆ ಪರೀಕ್ಷಿಸುವಾಗ 112ಕ್ಕೆ ಕರೆ ಹೋಗದಂತೆ ಎಚ್ಚರ ವಹಿಸಬೇಕು. ಸಾಧನ ಕೊಳ್ಳಲಾಗದ ಮನೆಗೂ ಈ ಏರ್ಪಾಡು ಸಾಧ್ಯ: ಬೆಳಿಗ್ಗೆ ನಿಗದಿತ ಹೊತ್ತಿಗೆ ಬಾಗಿಲು ತೆರೆಯದಿದ್ದರೆ ನೆರೆಯವರು ಹೋಗಿ ನೋಡುವ ಒಪ್ಪಂದಕ್ಕೆ ಒಂದು ರೂಪಾಯಿಯೂ ಬೇಕಿಲ್ಲ.

6. ಬೀಳದಂತೆ ತಡೆಯುವ ಕ್ರಮಗಳು

ಪಾಚಿ ಕಟ್ಟಿದ ಬಚ್ಚಲು, ಎತ್ತರದ ಹೊಸ್ತಿಲು, ಕೈಹಿಡಿಯಿಲ್ಲದ ಮೆಟ್ಟಿಲು, ಶೌಚಾಲಯಕ್ಕೆ ಹೋಗುವ ದಾರಿಯ ಕತ್ತಲು, ಸವೆದ ಚಪ್ಪಲಿ ಇವು ಮನೆಯ ಕಾರಣಗಳು. ದೃಷ್ಟಿಮಾಂದ್ಯ, ಕಾಲಿನ ನಿಶ್ಶಕ್ತಿ, ನಿದ್ರೆಯ ಮಾತ್ರೆ, ರಕ್ತದೊತ್ತಡದ ಔಷಧಿಯಿಂದ ಎದ್ದು ನಿಂತಾಗ ಬರುವ ತಲೆಸುತ್ತು ಇವು ದೇಹದ ಕಾರಣಗಳು. ಬಚ್ಚಲಿಗೆ ಹಿಡಿಕಂಬಿ ಮತ್ತು ಒರಟು ನೆಲ, ರಾತ್ರಿಗೊಂದು ಸಣ್ಣ ದೀಪ, ಕಣ್ಣಿನ ಪೊರೆಗೆ ಸಕಾಲದಲ್ಲಿ ಶಸ್ತ್ರಚಿಕಿತ್ಸೆ, ವೈದ್ಯರಿಂದ ಮಾತ್ರೆಗಳ ಮರುಪರಿಶೀಲನೆ ಇವುಗಳಿಂದ ಅಪಾಯ ತಗ್ಗುತ್ತದೆ. ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಕೂಡದು. ದೇಹದ ಸಮತೋಲ ಹೆಚ್ಚಿಸುವ ನಿಯಮಿತ ವ್ಯಾಯಾಮದಿಂದ ಬೀಳುವಿಕೆಯ ಪ್ರಮಾಣ ಸುಮಾರು ಶೇ. 23ರಷ್ಟು ಇಳಿಯುತ್ತದೆಂದು 2019ರಲ್ಲಿ ಪ್ರಕಟವಾದ ಕಾಕ್ರೇನ್ ಸಂಸ್ಥೆಯ ಪರಾಮರ್ಶೆ ತಿಳಿಸುತ್ತದೆ.

7. ಬಿದ್ದವರ ಬಳಿ ಹೋದಾಗ

ಆತುರದಿಂದ ಎತ್ತಿ ನಿಲ್ಲಿಸಬಾರದು. ಮೊದಲು ಮಾತನಾಡಿಸಿ, ನೋವು ಎಲ್ಲಿದೆಯೆಂದು ಕೇಳಬೇಕು. ತೊಡೆಸಂದಿಯಲ್ಲಿ ತೀವ್ರ ನೋವಿದ್ದು, ಕಾಲು ಗಿಡ್ಡವಾದಂತೆ ಮತ್ತು ಪಾದ ಹೊರಕ್ಕೆ ತಿರುಗಿದಂತೆ ಕಂಡರೆ ಸೊಂಟದ ಮೂಳೆ ಮುರಿದಿರುವ ಸಂಭವ ಹೆಚ್ಚು. ಎಣ್ಣೆ ತಿಕ್ಕುವುದು, ಕಾಲೆಳೆಯುವುದು, ಎರಡು ದಿನ ನೋಡೋಣವೆಂದು ಮಲಗಿಸುವುದು ಸಲ್ಲದು. 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೆ ಅಲುಗಾಡಿಸದೆ ಬೆಚ್ಚಗೆ ಹೊದಿಸಿರಬೇಕು. ಶಸ್ತ್ರಚಿಕಿತ್ಸೆ ಬೇಗ ಆದಷ್ಟೂ ಮತ್ತೆ ನಡೆದಾಡುವ ಸಾಧ್ಯತೆ ಹೆಚ್ಚು. ತಲೆಗೆ ಪೆಟ್ಟಾಗಿದ್ದು, ರಕ್ತ ಹೆಪ್ಪುಗಟ್ಟದಂತೆ ಮಾಡುವ ಮಾತ್ರೆ ಸೇವಿಸುವವರಾಗಿದ್ದರೆ, ನೋಡಲು ಚೆನ್ನಾಗಿದ್ದರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು.

8. ಪಂಚಾಯಿತಿ ಕೈಗೊಳ್ಳಬಹುದಾದ ಕ್ರಮಗಳು

(1) ಪ್ರತಿ ವಾರ್ಡಿನಲ್ಲಿ ಒಂಟಿಯಾಗಿರುವ, ಅಥವಾ ದಂಪತಿಗಳಷ್ಟೇ ಇರುವ ಹಿರಿಯರ ಮನೆಗಳ ಪಟ್ಟಿಯನ್ನು ಆಶಾ ಕಾರ್ಯಕರ್ತೆಯರ ನೆರವಿನಿಂದ ಸಿದ್ಧಪಡಿಸುವುದು. ಕಳ್ಳಕಾಕರ ಕೈಗೆ ಸಿಗದಂತೆ ಪಟ್ಟಿಯನ್ನು ಪ್ರದರ್ಶಿಸದೆ ಕಚೇರಿಯಲ್ಲಿಯೇ ಇರಿಸುವುದು.
(2) ಪ್ರತಿ ಮನೆಗೆ ಇಬ್ಬರು ನೆರೆಯ ಹೊಣೆಗಾರರನ್ನು ಅವರ ಒಪ್ಪಿಗೆ ಪಡೆದು ಗೊತ್ತುಪಡಿಸುವುದು.
(3) ವಾರ್ಡ್ ಸಭೆಯಲ್ಲಿ 108, 112 ಹಾಗೂ ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567 ಇವುಗಳ ಬಳಕೆಯನ್ನು ತಿಳಿಸುವುದು. ಕೊನೆಯದು ಸಲಹೆ ಮತ್ತು ಮಾರ್ಗದರ್ಶನಕ್ಕಾಗಿ ಇರುವುದೇ ಹೊರತು ತುರ್ತು ವಾಹನಕ್ಕಲ್ಲ.
(4) 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಡಿ ಅರ್ಹ ಬಡ ಹಿರಿಯರಿಗೆ ಊರುಗೋಲು, ವಾಕರ್, ಕನ್ನಡಕ, ಶ್ರವಣ ಸಾಧನ ಮುಂತಾದವು ಉಚಿತವಾಗಿ ದೊರೆಯುತ್ತವೆ. ಶಿಬಿರಗಳು ನಡೆಯುವಾಗ ಅರ್ಹರನ್ನು ತಲುಪಿಸುವುದು.
(5) ಗ್ರಂಥಾಲಯ, ಪಂಚಾಯಿತಿ ಕಚೇರಿ, ಸಮುದಾಯ ಶೌಚಾಲಯಗಳ ಮೆಟ್ಟಿಲಿಗೆ ಕೈಹಿಡಿ ಮತ್ತು ಬೀದಿದೀಪಗಳ ದುರಸ್ತಿಯನ್ನು ಸಂಬಂಧಪಟ್ಟ ಸ್ಥಾಯಿ ಸಮಿತಿಯಲ್ಲಿ ಚರ್ಚಿಸಿ ಕ್ರಿಯಾ ಯೋಜನೆಗೆ ಸೇರಿಸುವುದು.

ಚರ್ಚೆಗೆ ಪ್ರಶ್ನೆಗಳು

1. ತಮ್ಮ ವಾರ್ಡಿನಲ್ಲಿ ರಾತ್ರಿ ಹೊತ್ತು ಹಿರಿಯರಷ್ಟೇ ಇರುವ ಮನೆಗಳೆಷ್ಟು?
2. ಅವುಗಳಲ್ಲಿ ಯಾವ ಮನೆಯ ಬೀಗದ ಕೈ ನೆರೆಯವರ ಬಳಿ ಇದೆ?
3. ಕಳೆದ ಒಂದು ವರ್ಷದಲ್ಲಿ ಬಿದ್ದು ಹಾಸಿಗೆ ಹಿಡಿದ ಹಿರಿಯರು ಯಾರು? ಎಲ್ಲಿ ಬಿದ್ದರು? ಎಷ್ಟು ಹೊತ್ತಿನ ಮೇಲೆ ಯಾರಾದರೂ ಕಂಡರು?

ಮೂರನೆಯ ಪ್ರಶ್ನೆಯ ಉತ್ತರವನ್ನು ಮುಂದಿನ ಸಾಮಾನ್ಯ ಸಭೆಯ ನಡಾವಳಿಯಲ್ಲಿ ದಾಖಲಿಸಿದರೆ ಯಾವ ವಾರ್ಡಿನಿಂದ ಕೆಲಸ ಆರಂಭಿಸಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.