ಕೊಟ್ಟಿಗೆಯಲ್ಲಿ ನಿಂತ ಯೆಜ್ಡಿಗೆ ಬೆಲೆ ಕಟ್ಟೋದು ಹೇಗೆ?

ಕಳೆದ ದಸರಾ ರಜೆಯಲ್ಲಿ ಊರಿಗೆ ಹೋಗಿದ್ದಾಗ ದೊಡ್ಡಮ್ಮ ಕೇಳಿದ್ರು: "ಮಗಾ, ನೀನು ಮೆಕ್ಯಾನಿಕಲ್ ಓದ್ತಿದೀಯಲ್ಲ, ನಿಮ್ ದೊಡ್ಡಪ್ಪನ ಗಾಡಿ ಎಷ್ಟು ಬಾಳುತ್ತೆ ಹೇಳು. ಯಾವನೋ ಬಂದು ಎಂಟು ಸಾವಿರ ಕೊಡ್ತೀನಿ ಅಂದವ್ನೆ."

ಐದು ಸೆಮಿಸ್ಟರ್ ಮುಗಿಸಿದ್ದ ನನ್ನ ಹತ್ರ ಉತ್ತರ ಇರಲಿಲ್ಲ. ಇನ್ನೊಂದು ತೊಂದರೆ ಅಂದ್ರೆ, ಆ ಗಾಡಿ ನನಗೇ ಬೇಕಿತ್ತು. ಕೊಳ್ಳೋನೇ ಬೆಲೆ ಹೇಳಬೇಕು, ಮಾರೋರು ಅವನನ್ನೇ ನಂಬಿಕೊಂಡಿದ್ದಾರೆ. ಹತ್ತು ಸಾವಿರ ಅಂದಿದ್ರೂ ದೊಡ್ಡಮ್ಮ ಖುಷಿಯಿಂದ ಕೊಡ್ತಿದ್ರು. ಅದಕ್ಕೇ ಬಾಯಿಗೆ ಬಂದ ಸಂಖ್ಯೆ ಹೇಳದೆ, ಲೆಕ್ಕ ಹಾಕಿ ಹೇಳೋಣ ಅಂತ ಹೊರಟೆ. ಆ ಲೆಕ್ಕದ ದಾರಿಯೇ ಈ ಲೇಖನ. ನಿಮ್ಮಲ್ಲೂ ಎಷ್ಟೋ ಜನರ ಹಿತ್ತಿಲಲ್ಲಿ ಇಂಥದ್ದೊಂದು ಗಾಡಿ ಗೋಣಿಚೀಲ ಹೊದ್ದುಕೊಂಡು ನಿಂತಿರಬಹುದು.

ಗಾಡಿ 1984ರ ಯೆಜ್ಡಿ ರೋಡ್‌ಕಿಂಗ್. ಹುಟ್ಟಿದ್ದು ನಮ್ಮ ಮೈಸೂರಿನಲ್ಲೇ, ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ. ಆ ಕಾರ್ಖಾನೆ 1960ರ ದಶಕದ ಆರಂಭದಲ್ಲಿ ಜೆಕ್ ತಂತ್ರಜ್ಞಾನದ ಜಾವಾ ಗಾಡಿಗಳಿಂದ ಶುರುವಾಗಿ, ಆಮೇಲೆ ಯೆಜ್ಡಿ ಹೆಸರಿನಲ್ಲಿ ಮಾಡುತ್ತಾ ಬಂದು, 1996ರಲ್ಲಿ ನಿಂತುಹೋಯಿತು. ಬೆಲೆಯ ಮಾತಿಗೆ ಈ ಇತಿಹಾಸ ಯಾಕೆ ಅಂದ್ರೆ, ಕಾರ್ಖಾನೆ ಮುಚ್ಚಿದ ಮೇಲೆ ಅಸಲಿ ಬಿಡಿಭಾಗ ಹೊಸದಾಗಿ ಬರೋದಿಲ್ಲ. ಆದ್ದರಿಂದ ಗಾಡಿ ಓಡುತ್ತೋ ಇಲ್ಲವೋ ಅನ್ನೋದಕ್ಕಿಂತ ಮೊದಲು ನೋಡಬೇಕಾದ್ದು, ಗಾಡಿಯಲ್ಲಿ ಏನೇನು ಉಳಿದಿದೆ ಅನ್ನೋದು. ಪಿಸ್ಟನ್, ರಿಂಗು, ಕೇಬಲ್ಲು, ಬ್ರೇಕ್ ಶೂ ಯಾವುದಾದರೂ ಅಂಗಡೀಲಿ ಸಿಗುತ್ತೆ. ಅಸಲಿ ಟ್ಯಾಂಕು, ಮಡ್‌ಗಾರ್ಡು, ಸೈಡ್ ಬಾಕ್ಸು, ಹೆಡ್‌ಲೈಟ್ ಡೂಮು, ಸೈಲೆನ್ಸರ್ ಹಾಗಲ್ಲ. ಎಂಜಿನ್ ಹಿಡಿದುಕೊಂಡಿದ್ದರೂ ಎಲ್ಲಾ ತಗಡೂ ಅಸಲಿ ಇರುವ ಗಾಡಿ, ಪಟಪಟ ಅಂತ ಓಡುವ ಆದರೆ ಅರ್ಧ ಮೈ ನಕಲಿಯಾದ ಗಾಡಿಗಿಂತ ಹೆಚ್ಚು ಬಾಳಬಹುದು.

ಇಲ್ಲೊಂದು ಸಣ್ಣ ಉಪಾಯ. ಫ್ರಿಜ್ ಬಾಗಿಲಿಗೆ ಅಂಟಿಸೋ ಆಯಸ್ಕಾಂತ ಒಂದನ್ನ ಜೇಬಲ್ಲಿಟ್ಟುಕೊಂಡು ಹೋಗಿ. ಟ್ಯಾಂಕಿನ ಮೇಲೆ, ಮಡ್‌ಗಾರ್ಡಿನ ಮೇಲೆ ಸವರುತ್ತಾ ಬಂದರೆ ಒಂದು ಕಡೆ ಅದು ಸರಿಯಾಗಿ ಹಿಡಿಯೋದಿಲ್ಲ. ಅಲ್ಲಿ ಬಣ್ಣದ ಕೆಳಗೆ ಪುಟ್ಟಿ ತುಂಬಿದ್ದಾರೆ ಅಂತ ಅರ್ಥ. ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ, ಮೂಸಿ ಕೂಡ ನೋಡಿ. ವರ್ಷಗಟ್ಟಲೆ ನಿಂತ ಪೆಟ್ರೋಲ್ ವಾರ್ನಿಶ್ ತರ ನಾರುತ್ತೆ, ಅಂಟಾಗಿ ಕಾರ್ಬುರೇಟರ್ ತೂತುಗಳನ್ನ ಮುಚ್ಚಿರುತ್ತೆ. ಅದನ್ನ ತೊಳೆದುಕೊಳ್ಳಬಹುದು. ಟ್ಯಾಂಕಿನ ತಳ ತುಕ್ಕು ತಿಂದು ತೂತಾಗಿದ್ದರೆ ಮಾತ್ರ ಲೆಕ್ಕ ಬೇರೆ.

ಈಗ ಎಂಜಿನ್. ನಾನು ಮಾಡಲು ಹೊರಟಿದ್ದ ಮೊದಲ ಕೆಲಸ ಕಿಕ್ ಹೊಡೆಯೋದು! ಯೆಜ್ಡಿಯಲ್ಲಿ ಗೇರ್ ಲಿವರನ್ನೇ ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್, ಆ ಮಜಾನೇ ಬೇರೆ. ಪೇಟೆಯಿಂದ ಕರೆದುಕೊಂಡು ಬಂದಿದ್ದ ಹಳೇ ಮೆಕ್ಯಾನಿಕ್ ಕೈ ಹಿಡಿದು ನಿಲ್ಲಿಸಿದರು. ಹತ್ತು ವರ್ಷ ನಿಂತ ಸಿಲಿಂಡರಿನ ಗೋಡೆಗೆ ಎಣ್ಣೆ ಇರೋದಿಲ್ಲ, ತುಕ್ಕು ಕೂತಿರುತ್ತೆ, ರಿಂಗು ಅಂಟಿಕೊಂಡಿರುತ್ತೆ. ಆ ಸ್ಥಿತಿಯಲ್ಲಿ ಜೋರಾಗಿ ತುಳಿದರೆ ರಿಂಗು ಮುರಿದು ಬೋರು ಗೀರುತ್ತೆ. ಅಂದ್ರೆ ಬೆಲೆ ಕಟ್ಟಲು ಹೋಗಿ ನಾವೇ ಬೆಲೆ ಇಳಿಸಿದ ಹಾಗೆ. ಅವರು ಮಾಡಿದ್ದು ಇಷ್ಟು: ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಒಂದಷ್ಟು ಎಣ್ಣೆ ಬಿಟ್ಟು, ಎರಡು ದಿನ ಹಾಗೇ ಬಿಟ್ಟರು. ಮೂರನೇ ದಿನ, ಮೊದಲು ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರ ತಿರುಗುತ್ತಾ ನೋಡಿ (ಬ್ರೇಕ್ ಹಿಡಿದುಕೊಂಡಿದ್ದರೆ ಎಂಜಿನ್ ಮೇಲೆ ಸುಮ್ಮನೆ ಅಪವಾದ ಬರುತ್ತೆ), ಆಮೇಲೆ ಟಾಪ್ ಗೇರ್ ಹಾಕಿ ಚಕ್ರವನ್ನ ಮೆಲ್ಲಗೆ ಹಿಂದೆ ಮುಂದೆ ಆಡಿಸಿದರು. ಕಾಲು ಗಂಟೆಯಲ್ಲಿ ಪಿಸ್ಟನ್ ಬಿಟ್ಟುಕೊಂಡಿತು.

ಪಿಸ್ಟನ್ ಆಡಿದ ತಕ್ಷಣ ಗೆದ್ದೆವು ಅಂದುಕೊಂಡಿದ್ದೆ. ಟೂ ಸ್ಟ್ರೋಕಿನಲ್ಲಿ ಅಸಲಿ ಖರ್ಚು ಕೂತಿರೋದು ಕೆಳಗೆ. ಪಾಠ ನೆನಪಿದೆಯಲ್ಲ? ಫೋರ್ ಸ್ಟ್ರೋಕಿನಲ್ಲಿ ಕ್ರ್ಯಾಂಕ್‌ಕೇಸ್ ಕ್ರ್ಯಾಂಕಿನ ಮನೆ ಅಷ್ಟೆ. ಟೂ ಸ್ಟ್ರೋಕಿನಲ್ಲಿ ಅದು ಪಂಪು ಕೂಡ. ಪಿಸ್ಟನ್ ಮೇಲೆ ಹೋದಾಗ ಪೆಟ್ರೋಲ್, ಆಯಿಲ್, ಗಾಳಿಯ ಮಿಶ್ರಣ ಒಳಗೆ ಬರುತ್ತೆ. ಕೆಳಗೆ ಬಂದಾಗ ಅದೇ ಒತ್ತಿಕೊಂಡು ಟ್ರಾನ್ಸ್‌ಫರ್ ಪೋರ್ಟಿನಿಂದ ಸಿಲಿಂಡರಿಗೆ ಹೋಗುತ್ತೆ. ಈ ಪಂಪಿನ ಬಿಗಿ ಉಳಿಸೋದು ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲುಗಳು. ನಿಂತ ಗಾಡಿಯಲ್ಲಿ ಆ ರಬ್ಬರ್ ಒಣಗಿ ಗಟ್ಟಿಯಾಗಿರುತ್ತೆ. ಒಂದು ಕಡೆಯಿಂದ ಹೊರಗಿನ ಗಾಳಿ ಎಳೆದುಕೊಂಡರೆ ಮಿಶ್ರಣ ತೆಳುವಾಗಿ, ಎಂಜಿನ್ ತಾನಾಗೇ ರೇಸ್ ಆಗಿ ಕಾದು ಮತ್ತೆ ಹಿಡಿದುಕೊಳ್ಳುತ್ತೆ. ಇನ್ನೊಂದು ಕಡೆಯಿಂದ ಗೇರ್ ಆಯಿಲ್ ಎಳೆದುಕೊಂಡರೆ ಬಿಳೀ ಹೊಗೆ ನಿಲ್ಲೋದೇ ಇಲ್ಲ. ಸೀಲಿನ ಬೆಲೆ ಏನೂ ಅಲ್ಲ, ಹಾಕೋದಕ್ಕೆ ಬಿಚ್ಚುವ ಕೆಲಸ ದೊಡ್ಡದು. ಜೊತೆಗೆ ಕ್ರ್ಯಾಂಕ್‌ಕೇಸಿನ ತಳದಲ್ಲಿ ತೇವ ನಿಂತು ಬೇರಿಂಗಿಗೆ ತುಕ್ಕು ಹಿಡಿದಿದ್ದರೆ ಕನೆಕ್ಟಿಂಗ್ ರಾಡ್ ಕೂಡ ಬದಲಾಯಿಸಬೇಕು. ಆ ಕ್ರ್ಯಾಂಕ್ ಪ್ರೆಸ್ ಮಾಡಿ ಜೋಡಿಸಿದ್ದು, ಹಾಗಾಗಿ ಬಿಚ್ಚಿ, ರಾಡ್ ಹಾಕಿ, ಮತ್ತೆ ನೇರಕ್ಕೆ ತರೋ ಕೆಲಸ ಎಲ್ಲಾ ಗ್ಯಾರೇಜಿನವರಿಗೂ ಬರೋದಿಲ್ಲ.

ಇನ್ನು ಕಾಗದ. ಆರ್‌ಸಿ ದೊಡ್ಡಪ್ಪನ ಟ್ರಂಕಿನಲ್ಲಿ ಎಲ್‌ಐಸಿ ಬಾಂಡುಗಳ ಮಧ್ಯೆ ಸಿಕ್ಕಿತು. ಅವಧಿ 2014ಕ್ಕೇ ಮುಗಿದಿತ್ತು. ಸ್ವಂತ ಗಾಡಿಯ ನೋಂದಣಿ ಮೊದಲು 15 ವರ್ಷ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ. ಮಾಲೀಕರು ತೀರಿಕೊಂಡಿದ್ದರೆ ಮೊದಲು ಫಾರಂ 31 ತುಂಬಿ ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಬೇಕು. ಆಮೇಲೆ ಮಾರಿದರೆ 29, 30. ತಮಾಷೆ ಏನಂದ್ರೆ ನವೀಕರಣಕ್ಕೆ ಗಾಡಿಯನ್ನ ಆರ್‌ಟಿಒ ತಪಾಸಣೆಗೆ ಒಯ್ಯಬೇಕು, ಅದಕ್ಕೆ ಅದು ಓಡಬೇಕು. ಕಾಗದ ಒಂದು ಖರ್ಚು, ಎಂಜಿನ್ ಇನ್ನೊಂದು ಖರ್ಚು ಅಂತ ಬೇರೆ ಬೇರೆ ಇಡೋ ಹಾಗಿಲ್ಲ. ಚಾಸಿಸ್ ನಂಬರಿನ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಆರ್‌ಸಿಗೆ ಹೋಲಿಸಿ, ಎಂಜಿನ್ ನಂಬರಿಗೂ ಹಾಗೇ ಮಾಡಿ. ಹೊಂದದಿದ್ದರೆ ಅದು ಗಾಡಿಯಲ್ಲ, ಬಿಡಿಭಾಗಗಳ ರಾಶಿ. 50 ವರ್ಷ ದಾಟಿದ ಗಾಡಿಗೆ 2021ರಿಂದ ವಿಂಟೇಜ್ ನೋಂದಣಿ ಇದೆ, ಹೊಸದಾಗಿ ಮಾಡಿಸಲು 20,000 ರೂಪಾಯಿ. ಅದು ಹಳೇ ಜಾವಾ ಇರೋರಿಗೆ, ನಮ್ಮ ರೋಡ್‌ಕಿಂಗ್‌ಗೆ ಇನ್ನೂ ಅಷ್ಟು ವಯಸ್ಸಾಗಿಲ್ಲ.

ಲೆಕ್ಕ ಹೀಗೆ. ಅದೇ ಮಾಡೆಲ್ಲಿನ, ಓಡುವ, ಕಾಗದ ಸರಿಯಿರುವ ಗಾಡಿ ನಿಜವಾಗಿ ಮಾರಾಟವಾದ ಬೆಲೆಯಿಂದ ಶುರು ಮಾಡಿ. ಜಾಹೀರಾತಿನ ಬೆಲೆ ಬೇಡ, ಅದು ಮಾರೋನ ಆಸೆ. ನಾವು ವಿಚಾರಿಸಿದ ಕಡೆ 90,000 ಅಂದರು. ಅದರಲ್ಲಿ ಟೈರು, ವೈರಿಂಗು, ಬ್ರೇಕು, ಬ್ಯಾಟರಿಗೆ 15,000, ಕಾಗದಕ್ಕೆ 6,000 ಕಳೆಯಿರಿ. ಟ್ಯಾಂಕಿಗೆ 5,000ದಿಂದ 12,000, ಎಂಜಿನ್‌ಗೆ 15,000ದಿಂದ 35,000. ಅಂದರೆ ಏನೂ ಬಿಚ್ಚದೆ ನೋಡಿದಾಗ ಗಾಡಿಯ ಬೆಲೆ 22,000ದಿಂದ 49,000ದ ನಡುವೆ ಎಲ್ಲೋ ಇದೆ. ಎಂಟು ಸಾವಿರದವನು ಈ ಗೊತ್ತಿಲ್ಲದ ಭಾಗವನ್ನೇ ತೋರಿಸಿ ಕೆಳಗೆ ಎಳೆಯುತ್ತಿದ್ದ. ಬರೀ ತೂಕಕ್ಕೆ ಹಾಕಿದರೂ, 140 ಕೆಜಿ ಅಂತ ಹಿಡಿದು ಕಿಲೋಗೆ 30 ರೂಪಾಯಿಯಂತೆ 4,200 ಆಗುತ್ತೆ. ಅವನು ಕೊಡ್ತಿದ್ದದ್ದು ಗುಜರಿ ಬೆಲೆಯ ಎರಡರಷ್ಟು, ಅಷ್ಟೇ.

ಎರಡು ದಿನದ ಎಣ್ಣೆ, ಒಂದು ಟಾರ್ಚು, ಒಂದು ಆಯಸ್ಕಾಂತ, ಮೆಕ್ಯಾನಿಕ್‌ಗೆ ಕೊಟ್ಟ 800 ರೂಪಾಯಿ. ಇಷ್ಟಕ್ಕೇ ಗೊತ್ತಾದದ್ದು: ಪಿಸ್ಟನ್ ಆಡುತ್ತೆ, ಟ್ಯಾಂಕಿಗೆ ತೂತಿಲ್ಲ, ಪುಟ್ಟಿ ಹಿಂದಿನ ಮಡ್‌ಗಾರ್ಡಿನಲ್ಲಿ ಮಾತ್ರ, ಎರಡೂ ನಂಬರ್ ಹೊಂದುತ್ತೆ. ಎಂಜಿನ್ ಖರ್ಚು 18,000ದಿಂದ 24,000ಕ್ಕೆ, ಟ್ಯಾಂಕಿನದು 6,000ಕ್ಕೆ ಬಂತು. ಕೊಳ್ಳೋನ ಓಡಾಟಕ್ಕೆ 5,000 ಬಿಟ್ಟರೆ 34,000ದಿಂದ 40,000. ಮೊದಲಿದ್ದ 27,000ದ ಅಂತರ ಈಗ ಬರೀ 6,000.

ಹಾಳೆಯನ್ನ ದೊಡ್ಡಮ್ಮನ ಮುಂದೆ ಇಟ್ಟು ಒಂದೊಂದೇ ಸಾಲು ಓದಿ ಹೇಳಿದೆ. ನನಗೂ ಗಾಡಿ ಬೇಕು ಅನ್ನೋದನ್ನೂ ಹೇಳಿದೆ. ಅವರು ಕನ್ನಡಕ ಹಾಕ್ಕೊಂಡು ಬಹಳ ಹೊತ್ತು ನೋಡಿದರು. "ಹೊರಗಿನೋರಿಗಾದ್ರೆ ನಲವತ್ತು, ನಿಂಗೆ ಮೂವತ್ನಾಲ್ಕು. ಕಮ್ಮಿ ಇಲ್ಲ," ಅಂದರು. "ಮೊದ್ಲು ಆ ಫಾರಂ ತಂದು ನನ್ ಹೆಸರಿಗೆ ಮಾಡ್ಸು."

ನನ್ನ ಖಾತೆಯಲ್ಲಿರೋದು 11,000. ಫಾರಂ 31 ಕೊಟ್ಟು ಬಂದಿದ್ದೀವಿ. ಊರಿಗೆ ಹೋದಾಗಲೆಲ್ಲ ಪ್ಲಗ್ ತೂತಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು, ಚಕ್ರ ತಿರುಗಿಸಿ, ಗೋಣಿಚೀಲ ಹೊದಿಸಿ ಬರ್ತೀನಿ.